ಗಾಜಿನ ಸೀಮೆಯ ತಕ್ಕಾಳಿ

ಹಾಲೆಂಡ್ ದೇಶದ ಹೇಗ್ ನಗರವನ್ನು ಬಿಟ್ಟು, ಸಮುದ್ರತೀರದ ಮರಳುದಿಬ್ಬಗಳನ್ನು ಬಲಕ್ಕಿಟ್ಟುಕೊಂಡು ನೈರುತ್ಯಾಭಿಮುಖವಾಗಿ ಎರಡು ಹರದಾರಿ ನಡೆದರೆ, ಹುಲ್ಲುಗಾವಲುಗಳೂ ಹಸುಗಳೂ ಹಿಂದುಳಿದು, ಕಣ್ಣು ಹರಿದಷ್ಟು ದೂರವೂ ಗಾಜು ತಾನೇ ತಾನಾಗಿ ಕಾಣಿಸತೊಡಗುವುದು. ಈ ಸೀಮೆಗೆ ವೆಸ್ಟ್‌ಲ್ಯಾಂಡ್ ಎಂದು ಹೆಸರು. ನಾಲ್ಡ್‌ವೈಕ್, ಡಿ ಲೀರ್, ಮಾನ್ಸ್‌ಟರ್ ಮೊದಲಾದ ಊರುಗಳು ಇದಕ್ಕೆ ಸೇರಿದುವು. ಎರಡು ಸಾವಿರ ಹೆಕ್ಟೇರಿಗೂ, ಎಂದರೆ ಸುಮಾರು ಐದು ಸಾವಿರ ಎಕರೆಗೂ ಮೀರಿದ ನೆಲ ಇಲ್ಲಿ ಗಾಜಿನ ಮಾಡಿನ ಕೆಳಗೆ ಅಡಗಿದೆ. ನಮ್ಮ ಕೆರೆಯ ಅಚ್ಚುಕಟ್ಟಿನಲ್ಲಿ ಗದ್ದೆಗೆ ಗದ್ದೆ ಅಂಟಿ ನಡುವೆ ಬದುವೊಂದೇ ಉಳಿದಿರುವಂತೆ, ಅಲ್ಲಿ ಗಾಜಿನ ಮನೆಗೆ ಗಾಜಿನ ಮನೆ ಅಂಟಿ ನಡುವೆ ಕಾಲುವೆಯೊಂದೇ ಉಳಿದಿದೆ. ಆ ಜನರೇ ತಮ್ಮ ಸೀಮೆಯನ್ನು ‘ಗಾಜಿನ ನಗರ’ ಎಂದು ಕರೆಯುವರು.

ಈ ಗಾಜಿನ ಕೆಳಗೆ ಹೂವು, ಸೌತೆ, ದೊಣ್ಣೆಮೆಣಸಿನಕಾಯಿ ಎಲ್ಲವೂ ಬೆಳೆಯುವುವು. ಆದರೆ ನಾನು ಹೇಳಹೊರಟಿರುವುದು ತಕ್ಕಾಳಿಯ ವಿಷಯ. ಕರಾವಳಿಯ ಕಡೆಯ ಹಿರಿಯರು ಚಪ್ಪರಬದನೆ ಎನ್ನುತ್ತಿದ್ದ, ಈಗ ಎಲ್ಲರೂ ಟೊಮೇಟೊ ಎನ್ನುವ ಹಣ್ಣಿನ ವಿಷಯ. ಮಗಳೂ ಅಳಿಯಂದಿರೂ ಹೇಗ್ ನಗರದಲ್ಲಿ ನೆಲಸಿರುವುದರಿಂದ ಈ ಸೀಮೆಯನ್ನು ಎರಡು ಋತುಗಳಲ್ಲಿ ನೋಡುವ ಯೋಗ ನನಗೆ ಒದಗಿತು: ೨೦೨೩ರ ಜನವರಿಯಲ್ಲಿ ಒಮ್ಮೆ, ೨೦೨೪ರ ಜೂನಿನಲ್ಲಿ ಮತ್ತೊಮ್ಮೆ. ಎರಡು ಸಲವೂ ಅದೇ ಮನೆ, ಅದೇ ಅಂಗಡಿ, ಊರಿನಿಂದ ಕಟ್ಟಿಕೊಂಡು ಹೋದ ಅದೇ ಸಾರಿನ ಪುಡಿ. ಸಾರು ಮಾತ್ರ ಬೇರೆಯಾಗಿತ್ತು.

ಜನವರಿಯಲ್ಲಿ ಮಗಳು ಒಲೆಯ ಮುಂದೆ ನಿಂತು, “ಅಪ್ಪಾ, ಈ ತಿಂಗಳುಗಳಲ್ಲಿ ಇಲ್ಲಿ ಹುಣಿಸೆಹಣ್ಣು ಹಿಂಡದಿದ್ದರೆ ಸಾರು ಸಾರಾಗುವುದಿಲ್ಲ. ಟೊಮೇಟೊ ಬಣ್ಣಕ್ಕೆ, ಹುಣಿಸೆ ಹುಳಿಗೆ,” ಎಂದಳು. ಹಣ್ಣುಗಳ ಮೇಲೆ ಹುಟ್ಟಿದ ದೇಶದ ಹೆಸರನ್ನು ಬರೆಯಬೇಕೆಂಬುದು ಅಲ್ಲಿಯ ಕಟ್ಟಳೆ. ಆ ಹಣ್ಣು ಹಾಲೆಂಡಿನ ಗಾಜಿನ ಮನೆಯದೇ. ನೋಡುವುದಕ್ಕೆ ಗುಂಡಗೆ, ನಯವಾಗಿ, ಒಂದರ ಪಡಿಯಚ್ಚು ಮತ್ತೊಂದೆಂಬಂತೆ ಇತ್ತು. ಕೊಯ್ದರೆ ಒಳಗೆ ಗೋಡೆಗೂ ತಿರುಳಿಗೂ ನಡುವೆ ಟೊಳ್ಳು. ಬಾಯಿಗಿಟ್ಟರೆ ಮೊದಲು ನೀರು, ಆಮೇಲೆ ಇನ್ನಷ್ಟು ನೀರು. ಐದು ವರ್ಷದ ಮೊಮ್ಮಗಳು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಜೂನಿನಲ್ಲಿ ಅದೇ ಅಂಗಡಿಯಿಂದ ತಂದ ಗೊಂಚಲಿನ ನಾಲ್ಕು ಹಣ್ಣುಗಳನ್ನು ಕಿವುಚಿ ಹಾಕಿದಾಗ ಹುಣಿಸೆಯ ಡಬ್ಬಿಯ ಮುಚ್ಚಳವನ್ನು ತೆಗೆಯುವ ಪ್ರಮೇಯವೇ ಬರಲಿಲ್ಲ. ಹುಡುಗಿ ಎರಡನೆಯ ಸಲ ಬಡಿಸಿಕೊಂಡಳು.

ಬಯಲಿನ ಬೆಳೆಯಾಗಿದ್ದರೆ ಇದರಲ್ಲಿ ಆಶ್ಚರ್ಯಪಡತಕ್ಕದ್ದು ಏನೂ ಇರಲಿಲ್ಲ. ಮಳೆ, ಗಾಳಿ, ಮಣ್ಣು ಇವುಗಳ ಕೈಯಲ್ಲಿರುವ ಹಣ್ಣು ಋತುವಿಗೆ ತಕ್ಕಂತೆ ಬದಲಾಗುವುದು ಸಹಜ. ಈ ಹಣ್ಣಾದರೋ ಮಳೆಯನ್ನು ಕಂಡಿಲ್ಲ, ಗಾಳಿಯನ್ನು ಕಂಡಿಲ್ಲ, ಮಣ್ಣನ್ನು ಮುಟ್ಟಿಯೂ ಇಲ್ಲ. ಹಾಗಿದ್ದೂ ಮಾಘವೆಂದರೇನು, ಜ್ಯೇಷ್ಠವೆಂದರೇನು ಎಂಬುದನ್ನು ಅದಕ್ಕೆ ಯಾರು ಹೇಳಿಕೊಟ್ಟರು? ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಅಳಿಯಂದಿರ ಪರಿಚಯದ ಬೆಳೆಗಾರರೊಬ್ಬರ ತೋಟಕ್ಕೆ ಎರಡು ಸಲವೂ ಹೋದೆನು.

ಅವರು ಐವತ್ತರ ಆಸುಪಾಸಿನವರು, ಮಿತಭಾಷಿಗಳು. ಅಜ್ಜನ ಕಾಲದಲ್ಲಿ ಅವರ ಮನೆಯಲ್ಲಿ ದ್ರಾಕ್ಷಿ ಬೆಳೆಯುತ್ತಿತ್ತಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸೀಮೆಯವರು ಇಟ್ಟಿಗೆಯ ಗೋಡೆಗೆ ದ್ರಾಕ್ಷಿಬಳ್ಳಿಯನ್ನು ಹಬ್ಬಿಸಿ, ಬಿಸಿಲು ಕಾಯ್ದ ಗೋಡೆಯ ಶಾಖದಲ್ಲಿ ಹಣ್ಣು ಮಾಗಿಸುತ್ತಿದ್ದರು. ಅನಂತರ ಗೋಡೆಗೆ ಗಾಜನ್ನು ಒರಗಿಸಿದರು. ಅದಾದ ಮೇಲೆ ಗಾಜಿನಿಂದಲೇ ಮನೆ ಕಟ್ಟಿದರು. ೧೯೫೯ರಲ್ಲಿ ದೇಶದ ಉತ್ತರಭಾಗದ ಗ್ರೋನಿಂಗೆನ್ ಪ್ರಾಂತದ ನೆಲದಡಿಯಲ್ಲಿ ಅನಿಲದ ದೊಡ್ಡ ನಿಕ್ಷೇಪ ಕಂಡುಬಂದ ಮೇಲೆ ಗಾಜಿನ ಮನೆಗಳನ್ನು ಕಾಯಿಸುವ ಖರ್ಚು ಇಳಿದು, ತಕ್ಕಾಳಿ ಈ ಸೀಮೆಯ ಮುಖ್ಯ ಬೆಳೆಗಳಲ್ಲಿ ಒಂದಾಯಿತು.

ಒಳಗೆ ಕಾಲಿಟ್ಟವನಿಗೆ ಮೊದಲು ಕಾಣುವುದು ನೆಲದ ಶುಭ್ರತೆ. ಕೆಳಗೆಲ್ಲ ಬಿಳಿಯ ಹಾಸು. ಸೊಂಟದೆತ್ತರದಲ್ಲಿ ತೂಗುಬಿಟ್ಟ ಉದ್ದನೆಯ ದೋಣಿಗಳು. ದೋಣಿಗಳಲ್ಲಿ ಬಿಳಿಯ ಚೀಲ ಸುತ್ತಿದ ಹಲಗೆಗಳು. ಈ ಹಲಗೆಗಳು ಕಲ್ಲಿನವು ಎಂದರೆ ಓದುಗರು ನಂಬಲಾರರು. ಕಗ್ಗಲ್ಲನ್ನು ಒಂದೂವರೆ ಸಾವಿರ ಡಿಗ್ರಿಯ ಬೆಂಕಿಯಲ್ಲಿ ಕರಗಿಸಿ, ಸಂತೆಯಲ್ಲಿ ಮಾರುವ ಬೊಂಬಾಯಿ ಮಿಠಾಯಿಯಂತೆ ಗಿರ್ರನೆ ತಿರುಗಿಸಿ ನೂಲಾಗಿಸಿ, ಆ ನೂಲನ್ನು ಒತ್ತಿ ಹಾಸಿಗೆಯಂತೆ ಮಾಡಿರುವರು. ಬೇರುಗಳಿಗೆ ಇದೇ ನೆಲೆ. ಇದರಲ್ಲಿ ಸಾರವಿಲ್ಲ, ನೀರನ್ನೂ ಗಾಳಿಯನ್ನೂ ಹಿಡಿದಿಡುವುದಷ್ಟೇ ಇದರ ಕೆಲಸ. ಆಹಾರವೆಲ್ಲ ಸಣ್ಣ ಕೊಳವೆಯಿಂದ ತೊಟ್ಟುತೊಟ್ಟಾಗಿ ಗಿಡದ ಬುಡಕ್ಕೆ ಬೀಳುವ ನೀರಿನಲ್ಲಿದೆ: ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ, ಗಂಧಕ, ಕಬ್ಬಿಣ, ಮತ್ತೆ ಚಿಟಿಕೆಯಲ್ಲಿ ಚಿಟಿಕೆಯಷ್ಟು ತಾಮ್ರ, ಸತು, ಬೋರಾನ್ ಇತ್ಯಾದಿ. ಹಲಗೆಯಿಂದ ಸೋರಿದ ನೀರನ್ನು ಮತ್ತೆ ಶುದ್ಧಿಮಾಡಿ ಬಳಸುವರು. ಗಿಡವು ಬಳ್ಳಿಯಂತೆ ದಾರವನ್ನು ಹಿಡಿದು ಮೇಲೇರುವುದು. ಏರಿದಂತೆಲ್ಲ ದಾರವನ್ನು ಸಡಿಲಬಿಟ್ಟು ಕಾಂಡವನ್ನು ಕೆಳಗೆ ಮಲಗಿಸುವರು. ವರ್ಷದ ಕೊನೆಗೆ ಒಂದೊಂದು ಕಾಂಡವೂ ನಲವತ್ತು ಅಡಿಯನ್ನು ಮೀರುವುದುಂಟು.

ಮಣ್ಣಿಲ್ಲದ ಈ ಬೇಸಾಯದ ಕಲ್ಪನೆ ನಿನ್ನೆ ಮೊನ್ನೆಯದಲ್ಲ. ೧೮೬೦ರ ಸುಮಾರಿಗೇ ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಎಂಬ ವಿದ್ವಾಂಸರು ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳಸಿ ತೋರಿಸಿದ್ದರು. ಕ್ಯಾಲಿಫೋರ್ನಿಯದ ಗೆರಿಕೆ ಎಂಬವರು ೧೯೩೦ರ ದಶಕದಲ್ಲಿ ಅದನ್ನು ಬೇಸಾಯದ ಮಟ್ಟಕ್ಕೆ ತಂದು ತಕ್ಕಾಳಿಯನ್ನೇ ಬೆಳೆದರು. ನಮ್ಮ ದೇಶದಲ್ಲಿಯೂ ೧೯೪೬ರಿಂದ ಬಂಗಾಳದ ಕಾಲಿಂಪಾಂಗ್‌ನಲ್ಲಿ ಷೋಲ್ಟೊ ಡಗ್ಲಸ್ ಎಂಬವರು ಇದನ್ನು ಬಡವರ ಕೈಗೆ ಎಟುಕುವಂತೆ ಸರಳಗೊಳಿಸಲು ದುಡಿದರು. ಕಲ್ಲುನೂಲಿನ ಹಾಸಿಗೆ ಹಾಲೆಂಡಿನಲ್ಲಿ ಬಳಕೆಗೆ ಬಂದದ್ದು ೧೯೭೦ರ ದಶಕದಲ್ಲಿ.

ನೀರು, ಆಹಾರ, ಶಾಖ, ಗಾಳಿಯ ತೇವ, ಅಷ್ಟೇ ಏಕೆ, ಗಾಳಿಯಲ್ಲಿರುವ ಇಂಗಾಲಾಮ್ಲವಾಯುವಿನ ಪ್ರಮಾಣವೂ ಇಲ್ಲಿ ಯಜಮಾನನ ಅಧೀನ. ಆದರೆ ಒಂದು ಮಾತ್ರ ಅವನ ಅಧೀನದಲ್ಲಿಲ್ಲ. ಬೆಳೆಗಾರರು ನನ್ನ ಪ್ರಶ್ನೆಗೆ ಉತ್ತರವಾಗಿ ಬಾಯಿ ತೆರೆಯದೆ ತೋರುಬೆರಳನ್ನು ಮೇಲಕ್ಕೆತ್ತಿ ಮಾಡಿನ ಗಾಜನ್ನು ತೋರಿಸಿದರು. ಗಾಜಿನಾಚೆ ಹಿಂಡಿದ ಬೂದುಬಟ್ಟೆಯಂಥ ಆಕಾಶವಿತ್ತು. ಹಗಲು ಹನ್ನೆರಡು ಗಂಟೆ.

ಪಂಚಾಂಗದ ಲೆಕ್ಕ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಹೇಗ್ ನಗರ ಭೂಮಧ್ಯರೇಖೆಯಿಂದ ೫೨ ಅಂಶ ಉತ್ತರಕ್ಕಿದೆ. ಕೋಲಾರ ೧೩ ಅಂಶ. ಡಿಸೆಂಬರಿನ ಕಡು ದಕ್ಷಿಣಾಯನದ ದಿನ ಕೋಲಾರದಲ್ಲಿ ಮಧ್ಯಾಹ್ನದ ಸೂರ್ಯ ದಿಗಂತದಿಂದ ೫೩ ಅಂಶ ಎತ್ತರದಲ್ಲಿರುವನು. ಅದೇ ದಿನ ಹೇಗ್‌ನಲ್ಲಿ ೧೫ ಅಂಶವೂ ತುಂಬದು. ಜೂನಿನಲ್ಲಿ ಅಲ್ಲಿ ಸೂರ್ಯ ಏರುವ ಪರಮಾವಧಿ ೬೧ ಅಂಶ. ಎಂದರೆ ನಾವು ‘ಎಳೆಬಿಸಿಲು’ ಎಂದು ಬೆನ್ನು ಕಾಯಿಸಿಕೊಳ್ಳುವ ನಮ್ಮ ಚಳಿಗಾಲದ ಸೂರ್ಯನಿಗೂ ಅವರ ನಡುಬೇಸಗೆಯ ಸೂರ್ಯನಿಗೂ ಎತ್ತರದಲ್ಲಿ ಅಷ್ಟೊಂದು ಅಂತರವಿಲ್ಲ! ಅವರ ಹಗಲು ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಡಿಮೆ, ಜೂನಿನಲ್ಲಿ ಹದಿನಾರೂವರೆ ಗಂಟೆಗೂ ಹೆಚ್ಚು. ಈ ಎರಡೂ ಕೂಡಿ, ಮೋಡವೂ ಜೊತೆಗೆ ಸೇರಿ, ಡಿಸೆಂಬರಿನ ಒಂದು ದಿನ ನೆಲಕ್ಕೆ ಬೀಳುವ ಬಿಸಿಲು ಜೂನಿನ ಒಂದು ದಿನದ ಬಿಸಿಲಿನ ಹತ್ತರಲ್ಲೊಂದು ಭಾಗದಷ್ಟೇ ಆಗುವುದು. ಬೆಳಕು ನೂರಕ್ಕೆ ಒಂದು ಪಾಲು ಕುಗ್ಗಿದರೆ ಬೆಳೆಯೂ ಒಂದು ಪಾಲು ಕುಗ್ಗುವುದೆಂಬುದು ಆ ಬೆಳೆಗಾರರ ಬಾಯಿಲೆಕ್ಕ.

ತಕ್ಕಾಳಿಹಣ್ಣಿನಲ್ಲಿ ನೂರಕ್ಕೆ ೯೪–೯೫ ಭಾಗ ನೀರು. ಉಳಿದ ಐದಾರು ಭಾಗದಲ್ಲಿ ಸುಮಾರು ಅರ್ಧ ಸಕ್ಕರೆ. ಮಿಕ್ಕದ್ದರಲ್ಲಿ ಹುಳಿಯೂ ಪರಿಮಳವೂ ಬಣ್ಣವೂ ನಾರೂ ಸೇರಿದುವು. ನಾವು ರುಚಿ ಎನ್ನುವುದೆಲ್ಲ ಈ ಅಲ್ಪಾಂಶದ ಹೆಚ್ಚು ಕಡಿಮೆಯ ಆಟ. ಸಕ್ಕರೆಯನ್ನು ಕೊಳವೆಯಲ್ಲಿ ಬಿಡಲು ಬರುವುದಿಲ್ಲ. ಅದನ್ನು ಎಲೆಯು ಬೆಳಕಿನಲ್ಲಿಯೇ ತಯಾರಿಸಬೇಕು. ಹೂವು ಹಣ್ಣಾಗಿ ಕೆಂಪೇರುವುದಕ್ಕೆ ಬೇಸಗೆಯಲ್ಲಿ ಆರೇಳು ವಾರ, ಚಳಿಗಾಲದಲ್ಲಿ ಎಂಟು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಆದುದರಿಂದ ಇಂದು ಕೊಯ್ದ ಹಣ್ಣಿನಲ್ಲಿರುವುದು ಇಂದಿನ ಬಿಸಿಲಲ್ಲ, ಕಳೆದ ಎರಡು ತಿಂಗಳ ಬಿಸಿಲು. ಜನವರಿಯ ಸಾರಿನಲ್ಲಿ ನಾವು ಕುಡಿದದ್ದು ನವೆಂಬರ್ ಡಿಸೆಂಬರುಗಳ ಮೋಡವನ್ನು.

ಚರಕಸಂಹಿತೆಯಲ್ಲಿ ವರ್ಷವನ್ನು ಆದಾನಕಾಲ, ವಿಸರ್ಗಕಾಲ ಎಂದು ವಿಭಾಗಿಸಿ, ಸೂರ್ಯನು ದಕ್ಷಿಣಕ್ಕೆ ಸರಿಯುವ ವಿಸರ್ಗಕಾಲದಲ್ಲಿ ರಸಗಳು ತುಂಬಿಬರುವುವೆಂದೂ, ಹೇಮಂತದಲ್ಲಿ ಮಧುರರಸಕ್ಕೆ ಬಲ ಹೆಚ್ಚೆಂದೂ ಹೇಳಿದೆ. ನಮ್ಮ ದೇಶದ ಕಬ್ಬು ಅವರೆಗಳನ್ನು ಕಂಡವರು ಇದಕ್ಕೆ ತಲೆದೂಗುವರು. ಆದರೆ ಆ ಋಷಿಗಳು ನಮ್ಮ ಸೂರ್ಯನನ್ನು ನೋಡಿ ಹೇಳಿದರು. ಹೇಮಂತದಲ್ಲಿ ಮಧ್ಯಾಹ್ನವೂ ಮರದ ತುದಿಗಿಂತ ಮೇಲೇರದ ಸೂರ್ಯನನ್ನು ಅವರಿಗೆ ತೋರಿಸಿದ್ದರೆ ಏನು ಬರೆಯುತ್ತಿದ್ದರೋ!

ಬೆಳಕಿಲ್ಲದಿದ್ದರೆ ಶಾಖವನ್ನಾದರೂ ಹೆಚ್ಚಿಸಬಾರದೇಕೆ ಎಂದು ಕೇಳಿದೆನು. ಅದು ಗಿಡಕ್ಕೆ ಅಪಕಾರವಂತೆ. ಶಾಖ ಏರಿದರೆ ಗಿಡ ವೇಗವಾಗಿ ಬೆಳೆಯಹೊರಟು, ಎಲೆ ಗಳಿಸಿದ್ದಕ್ಕಿಂತ ಹೆಚ್ಚು ಸಕ್ಕರೆಯನ್ನು ಖರ್ಚುಮಾಡಿ, ಕಾಂಡ ಸೊರಗಿ ಹೂ ಉದುರುವುದು. ಆದಕಾರಣ ಮೋಡದ ದಿನ ಶಾಖವನ್ನು ತಗ್ಗಿಸುವರು. ಮಂಕುದಿನಗಳಲ್ಲಿ ಪರಾಗವೂ ಕ್ಷೀಣ. ೧೯೮೦ರ ದಶಕದ ಕೊನೆಯಿಂದ ಅಲ್ಲಿ ಹೂಗಳನ್ನು ಫಲಿಸುವ ಕೆಲಸವನ್ನು ಮೈತುಂಬ ರೋಮವುಳ್ಳ ದಪ್ಪ ದುಂಬಿಗಳಿಗೆ ಒಪ್ಪಿಸಿರುವರು. ರಟ್ಟಿನ ಪೆಟ್ಟಿಗೆಯಲ್ಲಿ ಗೂಡುಸಮೇತ ಅವನ್ನು ತಂದಿಡುವರು. ಅದಕ್ಕೆ ಮುಂಚೆ ಕೂಲಿಯವರು ಕಂಪಿಸುವ ಕಡ್ಡಿಯೊಂದನ್ನು ಹಿಡಿದು ಗೊಂಚಲು ಗೊಂಚಲಿಗೂ ಮುಟ್ಟಿಸುತ್ತಿದ್ದರಂತೆ. ಬೆಳಕು ಕಡಿಮೆಯಾದರೆ ದುಂಬಿಗಳೂ ಸರಿಯಾಗಿ ಹಾರುವುದಿಲ್ಲ. ಪರಾಗ ಸಾಲದ ಹಣ್ಣಿನಲ್ಲಿ ಬೀಜ ಕಡಿಮೆ. ಬೀಜ ಕಡಿಮೆಯಾದಲ್ಲಿ ಲೋಳೆ ಕಡಿಮೆ. ಮಗಳ ಮನೆಯ ಹಣ್ಣಿನ ಟೊಳ್ಳಿಗೆ ಇದೇ ಕಾರಣ. ತಕ್ಕಾಳಿಯ ಹುಳಿ ಬಹುಮಟ್ಟಿಗೆ ಆ ಲೋಳೆಯಲ್ಲಿಯೇ ಇರುವುದರಿಂದ ಹುಣಿಸೆಹಣ್ಣಿಗೂ ಇಲ್ಲಿಯೇ ಉತ್ತರ ದೊರೆಯುವುದು.

ಇದಕ್ಕೆ ಪ್ರತಿಯಾಗಿ ಮನುಷ್ಯನು ಕಂಡುಕೊಂಡ ಉಪಾಯ ದೀಪ. ಸೂರ್ಯನ ಬದಲು ಸಾಲುಸಾಲಾಗಿ ದೀಪಗಳನ್ನು ತೂಗುಹಾಕಿ, ನಡುಚಳಿಗಾಲದಲ್ಲಿಯೂ ಹಣ್ಣು ಕೊಯ್ಯುವರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮರಗಿಡಗಳು ಅಕಾಲದಲ್ಲಿ ಹೂಬಿಟ್ಟು ಹಣ್ಣಾಗುವುದನ್ನು ಉತ್ಪಾತಗಳ ಸಾಲಿನಲ್ಲಿ ಎಣಿಸಿದೆ. ಇಲ್ಲಿ ಅದೇ ಉತ್ಪಾತಕ್ಕೆ ಕಿಲೋಗ್ರಾಮಿಗೆ ಇಷ್ಟೆಂದು ಬೆಲೆ ಕಟ್ಟುತ್ತಾರೆ. ಆದರೂ ಗಿಡವನ್ನು ಪೂರಾ ವಂಚಿಸಲು ಸಾಧ್ಯವಾಗಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ದೀಪ ಉರಿಸಿದರೆ ತಕ್ಕಾಳಿಯ ಎಲೆ ಹಳದಿಯಾಗಿ ಕೆಡುವುದರಿಂದ ದಿನಕ್ಕೆ ಐದಾರು ಗಂಟೆಯ ಕತ್ತಲನ್ನು ಅದಕ್ಕೆ ಕೊಡಲೇಬೇಕು. ನಿದ್ರೆ ಸಾಲದ ಹುಡುಗರನ್ನು ಮೂರು ದಶಕ ತರಗತಿಯಲ್ಲಿ ಕಂಡ ನನಗೆ ಈ ವಿಷಯದಲ್ಲಿ ಗಿಡದ ಪಕ್ಷವೇ ಸರಿಯೆನಿಸಿತು.

ನಾನು ಮೊದಲ ಸಲ ಹೋದಾಗ ದೀಪಗಳ ಕಥೆಯೇ ವಿಷಾದಕರವಾಗಿತ್ತು. ಅನಿಲದ ಬೆಲೆ ೨೦೨೧ರ ಉತ್ತರಾರ್ಧದಿಂದ ಏರತೊಡಗಿ, ೨೦೨೨ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧ ಹೊರಟಮೇಲೆ ಮಿತಿಮೀರಿತು. ಗಾಜಿನ ಮನೆಗಳಲ್ಲಿ ಅನಿಲದ ಯಂತ್ರವೊಂದರಿಂದಲೇ ವಿದ್ಯುತ್ತು, ಶಾಖ, ಇಂಗಾಲಾಮ್ಲವಾಯು ಮೂರನ್ನೂ ಪಡೆಯುವ ಏರ್ಪಾಡು ಹೆಚ್ಚು. ಹಗಲು ವಾಯು ಗಿಡಕ್ಕೆ; ಬಿಸಿನೀರಾಗಿ ತೊಟ್ಟಿಯಲ್ಲಿ ಕೂಡಿಟ್ಟ ಶಾಖ ರಾತ್ರಿಗೆ. ಒಂದೇ ಕಲ್ಲಿಗೆ ಮೂರು ಹಣ್ಣು ಉದುರಿಸುತ್ತಿದ್ದ ಈ ಜಾಣತನವೇ ಅನಿಲ ತುಟ್ಟಿಯಾದಾಗ ಮೂರು ಕಡೆಯಿಂದ ನಷ್ಟವನ್ನು ತಂದಿತು. ಆ ಚಳಿಗಾಲದಲ್ಲಿ ಬೆಳೆಗಾರರಲ್ಲಿ ಅನೇಕರು ದೀಪಗಳನ್ನು ಹಚ್ಚಲೇ ಇಲ್ಲ. ಕೆಲವರು ಗಿಡವನ್ನೇ ನೆಡಲಿಲ್ಲ. ಬೇರೆ ವರ್ಷಗಳಲ್ಲಿ ರಾತ್ರಿಯ ಮೋಡಗಳ ಹೊಟ್ಟೆಗೆ ಕಿತ್ತಳೆಯ ಬಣ್ಣ ಬಳಿಯುತ್ತಿದ್ದ ಸೀಮೆ ಆಗ ಅಲ್ಲಲ್ಲಿ ಕತ್ತಲಾಗಿ ಮಲಗಿತ್ತು. ನಮ್ಮ ಬೆಳೆಗಾರರು ಹತ್ತಿರದ ಕತ್ತಲ ಮನೆಯೊಂದನ್ನು ತೋರಿಸಿ, “ಅವರ ಕುಟುಂಬವೂ ನಮ್ಮಂತೆಯೇ ಮೂರು ತಲೆಯಿಂದ ಬೆಳೆಯುತ್ತಿದ್ದರು,” ಎಂದು ಹೇಳಿ ಸುಮ್ಮನಾದರು. ಅಂಗಡಿಗಳಲ್ಲಿ ಮೊರಾಕೊ, ಸ್ಪೇನ್ ದೇಶಗಳ ಹಣ್ಣು ತುಂಬಿತು. ಅಲ್ಲಿಯೂ ಚಳಿ ಹೆಚ್ಚಾದಾಗ ೨೦೨೩ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕೆಲವು ದೊಡ್ಡ ಅಂಗಡಿಗಳವರು ಒಬ್ಬರಿಗೆ ಎರಡು ಮೂರು ಪೊಟ್ಟಣಗಳಿಗಿಂತ ಹೆಚ್ಚು ಟೊಮೇಟೊ ಕೊಡುವುದಿಲ್ಲವೆಂದು ಕಟ್ಟುಮಾಡಿದರು. ನಮ್ಮಲ್ಲಿ ಪಡಿತರವೆಂದರೆ ಅಕ್ಕಿ ಸಕ್ಕರೆಯಷ್ಟೇ!

ದೀಪವಿಲ್ಲದವರಿಗೆ ಉಳಿದಿರುವ ಇನ್ನೊಂದು ಉಪಾಯ ಉಪ್ಪು. ಚಳಿಗಾಲದಲ್ಲಿಯೂ ವಸಂತದ ಮೊದಲಿನಲ್ಲಿಯೂ ಗಿಡಕ್ಕೆ ಕೊಡುವ ಲವಣದ್ರಾವಣವನ್ನು ಗಟ್ಟಿಮಾಡುವರು. ಸುತ್ತಲಿನ ನೀರು ಉಪ್ಪಾದಷ್ಟೂ ಬೇರಿಗೆ ನೀರು ಹೀರುವುದು ಕಷ್ಟ. ಹಣ್ಣಿಗೆ ಹೋಗುವ ನೀರು ಕಡಿಮೆಯಾಗಿ, ಇದ್ದಷ್ಟು ಸಕ್ಕರೆ, ಹುಳಿ ಕಡಿಮೆ ನೀರಿನಲ್ಲಿ ನಿಂತು ರುಚಿ ಏರುವುದು. ನಮ್ಮ ಮನೆಯಾಕೆ ಗೊಜ್ಜನ್ನು ಸಣ್ಣ ಉರಿಯಲ್ಲಿ ಬತ್ತಿಸುವುದೂ ಇದೇ ನ್ಯಾಯ. ಪೊಟ್ಯಾಷನ್ನು ಹೆಚ್ಚಿಸಿದರೆ ಹುಳಿಯೂ ಬಲವಾಗುವುದು. ಬೇಸಗೆಯಲ್ಲಿ ಎಲೆಗಳು ಬೆವರಿ ಬೆವರಿ ನೀರನ್ನು ಬೇಡುವಾಗ ದ್ರಾವಣವನ್ನು ಮತ್ತೆ ತೆಳ್ಳಗೆ ಮಾಡುವರು. ಇದರಲ್ಲಿ ಒಂದು ತೊಡಕಿದೆ. ಹಣ್ಣು ರುಚಿಯಾದಷ್ಟೂ ಸಣ್ಣದಾಗುವುದು, ತೂಕ ಇಳಿಯುವುದು. ಮಾರುಕಟ್ಟೆಯವರು ತೂಗುವುದು ನಾಲಗೆಯಿಂದಲ್ಲ, ತಕ್ಕಡಿಯಿಂದ.

ತಕ್ಕಡಿಯನ್ನೇ ನಂಬಿದ ಕಾಲವೊಂದು ವೆಸ್ಟ್‌ಲ್ಯಾಂಡಿಗೆ ಬಂದುಹೋಗಿತ್ತು. ೧೯೯೦ರ ದಶಕದ ಆರಂಭದಲ್ಲಿ ಅಲ್ಲಿಯವರು ಹೆಚ್ಚು ಫಲ ಕೊಡುವ, ದೂರದ ಪ್ರಯಾಣ ತಾಳುವ ತಳಿಗಳನ್ನೇ ಬೆಳೆದು ಪಕ್ಕದ ಜರ್ಮನಿಗೆ ಕಳುಹಿಸುತ್ತಿದ್ದರು. ಜರ್ಮನರು ಆ ಹಣ್ಣಿಗೆ ‘ವಾಸರ್‌ಬಾಂಬೆ’ ಎಂದು ಅಡ್ಡಹೆಸರಿಟ್ಟರು: ನೀರಿನ ಬಾಂಬು. ಒಂದು ದೇಶದ ಗೃಹಿಣಿಯರ ಬಾಯಿಗೆ ಬಿದ್ದ ಅಡ್ಡಹೆಸರು ಯಾವ ಸುಂಕದ ಕಟ್ಟೆಗಿಂತಲೂ ಬಲವಾದದ್ದು. ಜರ್ಮನಿಯ ವ್ಯಾಪಾರ ಕುಸಿಯಿತು. ಅದರಿಂದಾಗಿಯೇ ಹಾಲೆಂಡಿನವರು ಎಚ್ಚತ್ತು ರುಚಿಯುಳ್ಳ ತಳಿಗಳತ್ತ ತಿರುಗಿದರು. ಹಣ್ಣನ್ನು ಗೊಂಚಲಿನಲ್ಲಿಯೇ ಮಾಗಿಸಿ ತೊಟ್ಟುಸಮೇತ ಮಾರತೊಡಗಿದರು. ಗೋಲಿಯಷ್ಟು ದಪ್ಪದ ಸಿಹಿ ತಕ್ಕಾಳಿಗಳು ಬಂದುವು. ವಾಗನಿಂಗೆನ್ ವಿಶ್ವವಿದ್ಯಾನಿಲಯದವರು ಸಕ್ಕರೆ, ಹುಳಿ, ಸಿಪ್ಪೆಯ ಗಡಸು ಇವುಗಳನ್ನು ಅಳೆಯುವುದರ ಜೊತೆಗೆ ಹಣ್ಣನ್ನು ಜನರಿಗೆ ತಿನ್ನಿಸಿಯೇ ರುಚಿಯನ್ನು ಪರೀಕ್ಷಿಸುವರು. ನಮ್ಮ ಬೆಳೆಗಾರರ ತಂದೆ ಆ ವರ್ಷಗಳಲ್ಲಿ ತೋಟವನ್ನು ಮಾರುವ ಹಂತಕ್ಕೆ ಬಂದಿದ್ದರಂತೆ. ಈಗಲೂ ಇವರು ಪ್ರತಿ ಸೋಮವಾರ ತಮ್ಮದೇ ಹಣ್ಣೊಂದನ್ನು ಕೊಯ್ದು, ಅದರ ರಸದ ಸಿಹಿಯನ್ನು ಅಳೆಯುವ ಸಣ್ಣ ಗಾಜಿಗೆ ಒಂದು ತೊಟ್ಟು ಹಾಕಿ ನೋಡುವರು, ಉಳಿದದ್ದನ್ನು ತಿನ್ನುವರು. ಆ ವಾರದ ಅಂಕಿಯನ್ನು ಗೋಡೆಯ ಮೇಲಿನ ಹಾಳೆಯಲ್ಲಿ ಬರೆದಿದ್ದರು. ಜನವರಿಯಿಂದ ಜೂನಿನವರೆಗೆ ಆ ಅಂಕಿಗಳು ಮೆಟ್ಟಲು ಹತ್ತಿದಂತೆ ಏರಿದ್ದುವು.

ಹಾಗಾದರೆ ಬಿಸಿಲು ಹೆಚ್ಚಿದಷ್ಟೂ ಹಣ್ಣು ಉತ್ತಮವೇ? ಜುಲೈ ಆಗಸ್ಟುಗಳು ಹಾಗೆನ್ನಲು ಬಿಡುವುದಿಲ್ಲ. ಗಾಜಿನ ಮನೆಯೊಳಗೆ ಶಾಖ ಮೂವತ್ತು ಡಿಗ್ರಿಯನ್ನು ಮೀರಿ ನಿಂತರೆ ಹಣ್ಣಿನ ಕೆಂಪು ಬಣ್ಣ ಸರಿಯಾಗಿ ಕೂಡದೆ, ಹೆಗಲಿನ ಭಾಗ ಹಳದಿಯಾಗಿಯೇ ಉಳಿಯುವುದು. ಮಾಗುವಿಕೆ ಅವಸರದಲ್ಲಿ ಮುಗಿದು ಹಣ್ಣು ಮೆತ್ತಗಾಗುವುದು, ಬಹುದಿನ ತಾಳದು. ಎಲೆಗಳು ಅತಿಯಾಗಿ ಬೆವರುವಾಗ ನೀರಿನೊಡನೆ ಸಾಗುವ ಸುಣ್ಣದ ಅಂಶವೆಲ್ಲ ಎಲೆಯ ಪಾಲಾಗಿ, ಹಣ್ಣಿನ ತುದಿಗೆ ಎಟುಕದೆ ಅಲ್ಲಿ ಕಪ್ಪುಮಚ್ಚೆ ಬೀಳುವುದು. ದ್ರಾವಣದಲ್ಲಿ ಸುಣ್ಣ ಬೇಕಾದಷ್ಟಿದ್ದರೂ ಹೀಗಾಗುವುದು. ಚಳಿಗಾಲದಲ್ಲಿ ಬೆಳಕಿನ ಒಂದೊಂದು ಹನಿಗೂ ಬಾಯಿಬಿಟ್ಟು ಗಾಜನ್ನು ತೊಳೆದವರೇ ಆಗ ಗಾಜಿಗೆ ಸುಣ್ಣ ಬಳಿಯುವರು. ಮಾಡಿನ ಕಿಟಕಿಗಳನ್ನೆಲ್ಲ ತೆರೆಯುವುದರಿಂದ ಒಳಗೆ ತುಂಬಿದ್ದ ಇಂಗಾಲಾಮ್ಲವಾಯುವೂ ಹೊರಕ್ಕೆ ಓಡುವುದು.

ಶರತ್ಕಾಲದ ದೋಷಗಳು ಬೇರೆಯವು. ಆ ಹೊತ್ತಿಗೆ ಗಿಡಕ್ಕೆ ಮುಪ್ಪು, ಬೆಳಕು ದಿನದಿನಕ್ಕೂ ಇಳಿಮುಖ, ಗಾಳಿಯಲ್ಲಿ ತೇವ. ರಾತ್ರಿ ಎಲೆ ಬೆವರದಿದ್ದರೂ ಬೇರು ನೀರನ್ನು ನೂಕುತ್ತಲೇ ಇರುವುದರಿಂದ ಹಣ್ಣು ಒಳಗಿನಿಂದ ಉಬ್ಬಿ ಸಿಪ್ಪೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುವುದು. ಬೆಳಗ್ಗೆ ಗಾಳಿ ಬೇಗ ಬಿಸಿಯಾಗಿ, ಹಣ್ಣು ಇನ್ನೂ ತಣ್ಣಗಿದ್ದರೆ, ತಣ್ಣೀರು ತುಂಬಿದ ಹಿತ್ತಾಳೆಯ ಚೊಂಬಿನ ಮೈಯಂತೆ ಅದರ ಮೇಲೆ ಹನಿ ಕಟ್ಟುವುದು. ಆ ಹನಿಯಲ್ಲಿ ಬೂಷ್ಟು ಹಿಡಿಯುವುದು. ಇದನ್ನು ತಪ್ಪಿಸಲು ಸೂರ್ಯೋದಯಕ್ಕೆ ಮುಂಚಿನಿಂದಲೇ ಮನೆಯನ್ನು ಮೆಲ್ಲಮೆಲ್ಲನೆ ಬೆಚ್ಚಗೆ ಮಾಡುತ್ತ ಬರಬೇಕು. ಹೀಗೆ ನೋಡಿದರೆ ವರ್ಷದಲ್ಲಿ ಎಲ್ಲ ಗುಣಗಳೂ ಕೂಡಿಬರುವ ಕಾಲ ಮೇ ತಿಂಗಳಿನಿಂದ ಜುಲೈ ಮೊದಲ ಭಾಗದವರೆಗೆ ಎಂದು ಬೆಳೆಗಾರರು ಹೇಳಿದರು. ನನ್ನ ನಾಲಗೆಯ ಸಾಕ್ಷ್ಯವೂ ಅದೇ.

ನಮ್ಮ ಕೋಲಾರದ ಸೀಮೆಯ ತಕ್ಕಾಳಿಗೆ ಬೆಳಕಿನ ಬರವಿಲ್ಲ. ನಮ್ಮ ಕಷ್ಟವೆಲ್ಲ ಚೈತ್ರ ವೈಶಾಖಗಳ ಶಾಖದಲ್ಲಿ ಉದುರುವ ಹೂವು, ಅಕಾಲದ ಮಳೆಯಲ್ಲಿ ಒಡೆಯುವ ಹಣ್ಣು, ಇವುಗಳಿಗಿಂತ ಮಿಗಿಲಾಗಿ ಒಂದು ತಿಂಗಳು ರಸ್ತೆಗೆ ಸುರಿಯುವಂತೆಯೂ ಮತ್ತೊಂದು ತಿಂಗಳು ಕಾವಲಿಡುವಂತೆಯೂ ಮಾಡುವ ಬೆಲೆ. ೨೦೨೩ರ ಜುಲೈಯಲ್ಲಿ ಕಿಲೋಗ್ರಾಮಿಗೆ ನೂರು ರೂಪಾಯಿಯನ್ನು ದಾಟಿದ್ದು ಗೃಹಸ್ಥರಿಗೆಲ್ಲ ನೆನಪಿರಬಹುದು. ಹುಳಿಗೆ ಮಾತ್ರ ನಮ್ಮ ಮುದುರುಮೈಯ ನಾಟಿ ಹ��್ಣಿಗೆ ಸಾಟಿಯಾದುದನ್ನು ಆ ಗಾಜಿನ ಸೀಮೆಯಲ್ಲಿ ನಾನು ಕಾಣಲಿಲ್ಲ. ಅವರಿಗೆ ಸಾರು ಗೊತ್ತಿಲ್ಲ, ಹಸಿಯಾಗಿ ತಿನ್ನುವವರಿಗೆ ಸಿಹಿಯೇ ಬೇಕು.

ಗೃಹಿಣಿಯರಿಗೆ ಉಪಯೋಗವಾದೀತೆಂದು ಎರಡು ಮಾತು ಸೇರಿಸುತ್ತೇನೆ. ಗೊಂಚಲಿನ ತಕ್ಕಾಳಿಯನ್ನು ಮೂಸಿ ನೋಡಿ ಪರಿಮಳಕ್ಕೆ ಮರುಳಾಗಬಾರದು. ಆ ವಾಸನೆ ಹಸುರು ತೊಟ್ಟಿನ ರೋಮಗಳದು, ಹಣ್ಣಿನದಲ್ಲ. ಹಣ್ಣನ್ನು ಫ್ರಿಜ್ಜಿನಲ್ಲಿಡುವ ಅಭ್ಯಾಸವೂ ಒಳ್ಳೆಯದಲ್ಲ. ೧೨ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ತಕ್ಕಾಳಿಯ ಪರಿಮಳ ಹುಟ್ಟುವ ಕ್ರಿಯೆಯೇ ನಿಂತುಹೋಗುವುದೆಂದೂ, ಒಂದು ವಾರ ಹಾಗೆ ಇಟ್ಟ ಹಣ್ಣನ್ನು ಹೊರಗೆ ತೆಗೆದಿಟ್ಟರೂ ಅದು ಪೂರ್ತಿಯಾಗಿ ಮರಳುವುದಿಲ್ಲವೆಂದೂ ಅಮೆರಿಕದ ಫ್ಲಾರಿಡ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ತೋರಿಸಿರುವರು. ಸಕ್ಕರೆ, ಹುಳಿಗಳು ಹೆಚ್ಚು ಬದಲಾಗುವುದಿಲ್ಲ. ಪರಿಮಳ ಮಾತ್ರ ಹೋಗುವುದು. ಬೆಳೆಗಾರನು ಎಂಟು ವಾರ ಕಾದು ತುಂಬಿಸಿದ್ದನ್ನು ನಾವು ಒಂದು ವಾರದಲ್ಲಿ ಕಳೆಯುವೆವು.

ನವೆಂಬರಿನಲ್ಲಿ ಆ ತೋಟದ ಬೆಳೆ ಮುಗಿಯುವುದು. ನಲವತ್ತು ಅಡಿಯ ಕಾಂಡಗಳನ್ನು ಕತ್ತರಿಸಿ ಹೊರಸಾಗಿಸಿ, ಕಲ್ಲುನೂಲಿನ ಹಳೆಯ ಹಲಗೆಗಳನ್ನು ತೆಗೆದು, ಮನೆಯನ್ನು ನೆಲದಿಂದ ಮಾಡಿನವರೆಗೆ ತೊಳೆಯುವರು. ಬೇಸಗೆಯ ಸುಣ್ಣದ ಗುರುತೂ ಗಾಜಿನ ಮೇಲೆ ಉಳಿಯಕೂಡದು. ಅಷ್ಟು ಹೊತ್ತಿಗೆ ಸಸಿಮಡಿಯವರ ಬಳಿ ಹೊಸ ಸಸಿಗಳು ಸಿದ್ಧವಾಗುತ್ತಿರುವುವು: ರುಚಿಯ ತಳಿಯೊಂದನ್ನು ಗಟ್ಟಿಬೇರಿನ ಮತ್ತೊಂದು ತಳಿಯ ಬುಡಕ್ಕೆ ಕಸಿಮಾಡಿ, ಒಂದೊಂದರಲ್ಲಿ ಎರಡು ಕುಡಿ ಬಿಡಿಸಿದವು. ಡಿಸೆಂಬರಿನಲ್ಲಿ, ವರ್ಷದ ಅತ್ಯಂತ ಮಂಕಾದ ವಾರಗಳಲ್ಲಿಯೇ, ಅವನ್ನು ತಂದು ಸಾಲಾಗಿ ನಿಲ್ಲಿಸುವರು. ದೀಪವಿಲ್ಲದ ಮನೆಯಲ್ಲಿ ಮೊದಲ ಹಣ್ಣು ಕೆಂಪೇರಲು ಮಾರ್ಚಿಯವರೆಗೆ ಕಾಯಬೇಕು. ನಮ್ಮ ಬೆಳೆಗಾರರು ೨೦೨೨ರ ಡಿಸೆಂಬರಿನಲ್ಲಿ ದೀಪ ಹಚ್ಚದೆ ಹೀಗೆಯೇ ನೆಟ್ಟಿದ್ದ ಅರ್ಧ ತೋಟವನ್ನು ನಾನು ನೋಡಿದಾಗ, ಸಸಿಗಳು ಮೊಣಕಾಲೆತ್ತರಕ್ಕೆ ಬಂದಿದ್ದುವು; ಮೊದಲನೆಯ ಗೊಂಚಲಿನಲ್ಲಿ ಎರಡು ಹಳದಿಯ ಹೂ ಅರಳಿದ್ದುವು.